ಐಸ್ಲಿಪ್‌ನಿಂದ ಹ್ಯಾಂಬರ್ಗ್‌ಗೆ: ಡರ್ಬಿ ಕಾರಿನ ಚಾಸಿಯ ಜಾಡಿನಲ್ಲಿ

ಡೆಮಾಲಿಷನ್ ಡರ್ಬಿ ಎಂದರೆ ಕಾರುಗಳ ಗುದ್ದಾಟದ ಪಂದ್ಯ. ಮಣ್ಣಿನ ಕಣಕ್ಕಿಳಿದ ಹಳೆಯ ಕಾರುಗಳು ಬೇಕೆಂದೇ ಒಂದಕ್ಕೊಂದು ಗುದ್ದುತ್ತವೆ. ಉಳಿದೆಲ್ಲವೂ ನಿಂತುಹೋದ ಮೇಲೂ ಯಾವುದು ಸ್ವಂತ ಎಂಜಿನ್ನಿನ ಬಲದಿಂದ ಚಲಿಸುತ್ತಿರುತ್ತದೋ ಅದು ಗೆದ್ದ ಕಾರು. ನೋಡುವವರ ಕಣ್ಣೆಲ್ಲ ಹಬೆ ಚಿಮ್ಮುವ ಬಾನೆಟ್ಟಿನ ಮೇಲಿರುತ್ತದೆ. ಪಂದ್ಯದ ಹಣೆಬರಹ ಬರೆಯುವುದು ಮಾತ್ರ ಕಾರಿನ ಹೊಟ್ಟೆಯಡಿ ಮರೆಯಾಗಿರುವ ಚಾಸಿ. ಅದು ಬಾಗಬಾರದ ಕಡೆ ಬಾಗಿದರೆ ಚಕ್ರ ತಗಡಿಗೆ ಸಿಕ್ಕಿಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಕಳಚುತ್ತದೆ, ಫ್ಯಾನಿನ ಎಲೆ ರೇಡಿಯೇಟರನ್ನು ಸೀಳುತ್ತದೆ. ಎಂಜಿನ್ ಚೆನ್ನಾಗಿದ್ದೂ ಕಾರು ಆಟದಿಂದ ಹೊರಬೀಳುತ್ತದೆ. ಈ ಚಾಸಿಯನ್ನು ಆರಿಸುವ, ಬಲಪಡಿಸುವ, ಕೊನೆಗೆ ಕಣಕ್ಕಿಳಿಸುವ ಕೆಲಸವನ್ನು ನೋಡುತ್ತ ಹೋಗಲು ನ್ಯೂಯಾರ್ಕ್ ರಾಜ್ಯವನ್ನು ಅಡ್ಡಹಾಯುವ, 700 ಕಿ.ಮೀ.ಗೂ ಮೀರಿದ ರಸ್ತೆಗಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಪೂರ್ವದ ತುದಿಯಲ್ಲಿ ಲಾಂಗ್ ಐಲೆಂಡಿನ ಐಸ್ಲಿಪ್ ಇದೆ, ಪಶ್ಚಿಮದ ತುದಿಯಲ್ಲಿ ಈರಿ ಸರೋವರದ ಪಕ್ಕದ ಹ್ಯಾಂಬರ್ಗ್.

ಐಸ್ಲಿಪ್‌ನಲ್ಲಿ ಈಗ ಕಣವಿಲ್ಲ. ಅಲ್ಲಿದ್ದ ಸ್ಪೀಡ್‌ವೇ 1984ರಲ್ಲಿ ಮುಚ್ಚಿತು. ಒಂದು ಸುತ್ತಿಗೆ ಮೈಲಿಯ ಐದರಲ್ಲೊಂದು ಭಾಗ, ಅಂದರೆ ಸುಮಾರು 320 ಮೀಟರ್ ಮಾತ್ರ ಇದ್ದ ಆ ಪುಟ್ಟ ಪಥದಲ್ಲಿ 1960ರ ದಶಕದಲ್ಲಿ ಕಾರು ಓಟದ ಸಂಸ್ಥೆ ನಾಸ್ಕಾರ್‌ನ ಮೇಲ್ದರ್ಜೆಯ ಓಟಗಳೂ ನಡೆದಿದ್ದವು. ಆದರೂ ಅದರ ಹೆಸರು ನಿಂತದ್ದು ಲ್ಯಾರಿ ಮೆಂಡೆಲ್‌ಸನ್ 1958ರಲ್ಲಿ ಅಲ್ಲಿ ಏರ್ಪಡಿಸಿದ ಡರ್ಬಿಯಿಂದ. ಓಟಕ್ಕಿಂತ ಅಪಘಾತವಾದಾಗಲೇ ಜನ ಎದ್ದು ನಿಲ್ಲುತ್ತಾರೆಂಬುದನ್ನು ಗಮನಿಸಿ ಅವರು ಗುದ್ದಾಟವನ್ನೇ ಪಂದ್ಯವಾಗಿಸಿದರು ಎಂಬ ಮಾತು ಪ್ರಚಲಿತವಾಗಿದೆ. ಕ್ಯಾಲಿಫೋರ್ನಿಯಾದ ಕ್ಯಾರೆಲ್ ಸ್ಪೀಡ್‌ವೇಯಲ್ಲಿ 1940ರ ದಶಕದಲ್ಲೇ ಇಂಥದ್ದು ನಡೆದಿತ್ತೆಂದು ವಾದಿಸುವವರೂ ಇದ್ದಾರೆ. ಮೊದಲು ಮಾಡಿದವರು ಯಾರೇ ಇರಲಿ, ಎಬಿಸಿ ವಾಹಿನಿಯ ‘ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್’ ಕಾರ್ಯಕ್ರಮದ ಮೂಲಕ ಡರ್ಬಿ ಅಮೆರಿಕದ ಮನೆಮನೆಗೆ ತಲುಪಿದ್ದು ಐಸ್ಲಿಪ್‌ನಿಂದಲೇ. ಆ ಕಾಲದ ಕಾರು ಕಟ್ಟುವ ಕೆಲಸ ಸರಳವಾಗಿತ್ತು: ಗುಜರಿಗೆ ಹೋಗಬೇಕಿದ್ದ ಕಾರು, ಗಾಜು ತೆಗೆದ ಕಿಟಕಿ, ಸರಪಳಿ ಬಿಗಿದ ಬಾಗಿಲು. ಚಾಸಿಗೆ ಕೈ ಹಾಕುವ ಅಗತ್ಯವೇ ಬರುತ್ತಿರಲಿಲ್ಲ. ಡೆಟ್ರಾಯಿಟ್ ಆಗ ಮಾರುತ್ತಿದ್ದ ದೊಡ್ಡ ಕಾರುಗಳು ದಪ್ಪ ಉಕ್ಕಿನ ಪ್ರತ್ಯೇಕ ಚಾಸಿಯ ಮೇಲೆ ಕೂತು ಬರುತ್ತಿದ್ದವು.

ಪ್ರತ್ಯೇಕ ಚಾಸಿ ಎಂಬುದೇ ಇಲ್ಲಿ ಮುಖ್ಯ. ಇಂದಿನ ಬಹುತೇಕ ಕಾರುಗಳಲ್ಲಿ ಮೈತಗಡು ಮತ್ತು ಅಸ್ಥಿಪಂಜರ ಒಂದೇ. ತಗಡನ್ನೇ ಮಡಿಸಿ, ಬೆಸೆದು ಬಲ ಬರಿಸಿರುತ್ತಾರೆ; ಇದೇ ಏಕಕಾಯ ರಚನೆ. ಡರ್ಬಿಯವರಿಗೆ ಪ್ರಿಯವಾದ ಕಾರುಗಳು ಲಾರಿಯ ಹಾಗೆ: ಕೆಳಗೆ ಎರಡು ಉದ್ದನೆಯ ಪೆಟ್ಟಿಗೆಯಾಕಾರದ ತೊಲೆಗಳು, ನಡುವೆ ಅಡ್ಡತೊಲೆಗಳು, ಮೇಲೆ ರಬ್ಬರ್ ಗದ್ದಿಗೆಗಳ ಮೇಲೆ ಬೋಲ್ಟು ಹಾಕಿ ಕೂರಿಸಿದ ಮೈ. ಈ ವರ್ಗದಲ್ಲಿ ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಕಾರಿಗೆ ವಿಶೇಷ ಸ್ಥಾನವಿದೆ. ಆ ಸಂಸ್ಥೆಯ ಇತರ ಕಾರುಗಳು 1960ರಲ್ಲೇ ಏಕಕಾಯಕ್ಕೆ ಬದಲಾದರೂ ಇಂಪೀರಿಯಲ್ 1966ರವರೆಗೆ ಭಾರೀ ಚಾಸಿಯನ್ನು ಉಳಿಸಿಕೊಂಡಿತ್ತು. ಅದರ ಎದುರು ಬೇರೆ ಕಾರುಗಳು ನಿಲ್ಲದೇ ಹೋದುದರಿಂದ ಅನೇಕ ಪಂದ್ಯಗಳ ನಿಯಮಗಳು ಇಂದಿಗೂ ಅದನ್ನು ಹೆಸರು ಹಿಡಿದು ನಿಷೇಧಿಸುತ್ತವೆ. ಅದರ ನಂತರದ ಕಾಲದಲ್ಲಿ ಶೆವ್ರೊಲೆಯ ಇಂಪಾಲಾ, ಕಪ್ರೀಸ್ ಕಣವನ್ನು ಆಳಿದವು. ಕೊನೆಗೆ ಬಂದದ್ದು ಫೋರ್ಡಿನ ಪ್ಯಾಂಥರ್ ಚಾಸಿ. ಕ್ರೌನ್ ವಿಕ್ಟೋರಿಯಾ, ಗ್ರ್ಯಾಂಡ್ ಮಾರ್ಕ್ವಿ, ಲಿಂಕನ್ ಟೌನ್ ಕಾರ್ ಮೂರಕ್ಕೂ ಅದೇ ತಳಪಾಯ. ಪೊಲೀಸ್ ಇಲಾಖೆಗಳೂ ಟ್ಯಾಕ್ಸಿ ಮಾಲೀಕರೂ ಲೆಕ್ಕವಿಲ್ಲದಷ್ಟು ಕೊಂಡು ಸವೆಸಿ ಹರಾಜಿಗೆ ಬಿಟ್ಟ ಈ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ 2011ರಲ್ಲಿ ಹೊರಬಂತು.

ಅಲ್ಬನಿ ದಾಟಿ ರಸ್ತೆ ಪಶ್ಚಿಮಕ್ಕೆ ತಿರುಗಿ ಸಿರಕ್ಯೂಸ್ ಕಡೆ ಸಾಗಿದಂತೆ ಚಾಸಿಯ ದೊಡ್ಡ ಶತ್ರುವಿನ ಪರಿಚಯವಾಗುತ್ತದೆ. ಅದು ಎದುರಾಳಿಯಲ್ಲ, ಉಪ್ಪು. ಸರೋವರಗಳ ತೇವ ಹೊತ್ತ ಗಾಳಿ ಇಲ್ಲಿ ಹಿಮ ಸುರಿಯುತ್ತದೆ. ಸಿರಕ್ಯೂಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 3 ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. ಆ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪೂ ದೂರದಿಂದ ಬರಬೇಕಿಲ್ಲ: ಸಮೀಪದ ಕಯೂಗ ಸರೋವರದ ತಳದಡಿ, ಸುಮಾರು 700 ಮೀಟರ್ ಆಳದಲ್ಲಿ ಉಪ್ಪಿನ ಗಣಿಯಿದೆ. ಉಪ್ಪುನೀರು ಚಾಸಿಯ ಪೆಟ್ಟಿಗೆ ತೊಲೆಗಳ ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ. ಹೊರಗೆ ಬಣ್ಣ ಹಾಗೇ ಇರುತ್ತದೆ, ಒಳಗಿನಿಂದ ತುಕ್ಕು ತಿನ್ನುತ್ತ ಬರುತ್ತದೆ. ಆದ್ದರಿಂದ ಇಲ್ಲಿನ ಗುಜರಿ ಅಂಗಳದಲ್ಲಿ ಅನುಭವಿಯೊಬ್ಬ ಕಾರು ಕೊಳ್ಳುವಾಗ ಮೊದಲು ನೋಡುವುದು ಎಂಜಿನ್ ಅಲ್ಲ. ಸುತ್ತಿಗೆ ಹಿಡಿದು ಕೆಳಗೆ ತೂರಿ ತೊಲೆಯ ಉದ್ದಕ್ಕೂ ತಟ್ಟುತ್ತಾನೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಡಬ್ ಎಂದು ಸತ್ತ ಸದ್ದು ಕೊಟ್ಟು ಹಾಳೆ ಹಾಳೆಯಾಗಿ ಉದುರುತ್ತದೆ. ಹಿಂದಿನ ಆಕ್ಸಲ್ ಮೇಲಿನ ಬಾಗು, ಮುಂದಿನ ಚಕ್ರದ ಹಿಂಬದಿಯ ತಿರುವು, ಮೈ ಕೂರುವ ಬೋಲ್ಟಿನ ತಾಣಗಳು ಈ ಪರೀಕ್ಷೆಯಲ್ಲಿ ಗೆಲ್ಲಲೇಬೇಕು. ಇಲ್ಲಿ ಸೋತ ಚಾಸಿಗೆ ಎಷ್ಟು ವೆಲ್ಡಿಂಗ್ ಮಾಡಿದರೂ ಹಣ ದಂಡ, ಏಕೆಂದರೆ ಬೀಡು, ಅಂದರೆ ಬೆಸುಗೆಯ ಗೆರೆ, ಹಿಡಿಯಲು ಕೆಳಗೆ ಒಳ್ಳೆಯ ಲೋಹವೇ ಇರುವುದಿಲ್ಲ. ಹಿಮವಿಲ್ಲದ ದಕ್ಷಿಣದ ರಾಜ್ಯಗಳ ಕಾರುಗಳನ್ನು ಟ್ರೈಲರಿನಲ್ಲಿ ಹೇರಿ ತರುವವರಿರುವುದು ಇದೇ ಕಾರಣಕ್ಕೆ.

ಚಳಿಗಾಲ ಕಳೆಯುವ ಹೊತ್ತಿಗೆ ಹಳ್ಳಿಗಳ ಕಣಜ, ಕೊಟ್ಟಿಗೆ, ಮನೆಯ ಗ್ಯಾರೇಜುಗಳಲ್ಲಿ ಕೆಲಸ ಶುರುವಾಗುತ್ತದೆ. ಮೊದಲನೆಯದು ಬಿಚ್ಚುವ ಕೆಲಸ. ಗಾಜು, ಸೀಟು, ಕಾರ್ಪೆಟ್, ಪ್ಲಾಸ್ಟಿಕ್, ಹೊಳಪಿನ ಪಟ್ಟಿ ಎಲ್ಲವೂ ಹೊರಗೆ. ಕಾರಿನ ಮೂಲ ಪೆಟ್ರೋಲ್ ಟಾಂಕಿಯನ್ನು ಕಿಡಿ ಹಾರುವ ಕೆಲಸ ಆರಂಭವಾಗುವ ಮೊದಲೇ ಇಳಿಸಿ ದೂರ ಇಡಬೇಕು. ಅದರ ಬದಲು ಸಣ್ಣದೊಂದು ಟಾಂಕಿಯನ್ನು ಹಿಂದಿನ ಸೀಟಿನ ಜಾಗದಲ್ಲಿ ಬಿಗಿಯುತ್ತಾರೆ. ಬ್ಯಾಟರಿ ಎಂಜಿನ್ ಕೋಣೆ ಬಿಟ್ಟು ಚಾಲಕನ ಪಕ್ಕದ ನೆಲಕ್ಕೆ ಬರುತ್ತದೆ. ಬಂಪರಿನ ಹಿಂದಿರುವ ಆಘಾತ ನುಂಗುವ ಸಿಲಿಂಡರುಗಳ ವಿಷಯದಲ್ಲಿ ಎಚ್ಚರ ಬೇಕು. 1970ರ ದಶಕದಲ್ಲಿ ಅಮೆರಿಕ ಸರ್ಕಾರ ಗಂಟೆಗೆ 5 ಮೈಲಿ ವೇಗದ ಗುದ್ದನ್ನು ಬಂಪರ್ ತಡೆಯಬೇಕೆಂದು ನಿಯಮ ಮಾಡಿದ ಮೇಲೆ ಇವು ಬಂದವು. ಒಳಗೆ ಒತ್ತಡ ತುಂಬಿರುವುದರಿಂದ ರಂಧ್ರ ಕೊರೆದು ಖಾಲಿ ಮಾಡದೆ ವೆಲ್ಡಿಂಗ್ ಜ್ವಾಲೆ ತಾಗಿಸಿದರೆ ಸಿಡಿಯುತ್ತವೆ.

ಇನ್ನು ಚಾಸಿಯ ಮಾತು. ನೇರವಾದ ತೊಲೆಯನ್ನು ತುದಿಯಿಂದ ಗುದ್ದಿದರೆ ಅದು ಬಹಳ ಭಾರ ತಡೆಯುತ್ತದೆ. ಕಾರಿನ ತೊಲೆ ನೇರವಾಗಿರುವುದಿಲ್ಲ ಎಂಬುದೇ ಸಮಸ್ಯೆಯ ಮೂಲ. ಮುಂದಿನ ಚಕ್ರಗಳ ಬಳಿ ಮೇಲಿರುವ ಅದು ಚಾಲಕನ ಕಾಲ ಬಳಿ ಕೆಳಗಿಳಿಯುತ್ತದೆ, ಬಾಗಿಲುಗಳ ಕೆಳಗೆ ನೆಲಕ್ಕೆ ಹತ್ತಿರವಾಗಿ ಸಾಗುತ್ತದೆ, ಹಿಂದಿನ ಆಕ್ಸಲ್ಲಿಗೆ ಜಾಗ ಬಿಡಲು ಮತ್ತೆ ಕಮಾನಿನಂತೆ ಏರಿ ಇಳಿಯುತ್ತದೆ. ಗುದ್ದಿನ ಬಲ ನೇರ ಗೆರೆಯಲ್ಲಿ ಹೋಗಬಯಸುತ್ತದೆ. ತೊಲೆ ಆ ಗೆರೆಯಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ದೊಡ್ಡ ಬಾಗಿಸುವ ಶಕ್ತಿ ಆ ಜಾಗದಲ್ಲಿ ಹುಟ್ಟುತ್ತದೆ.

ಹಿಂದಿನ ಕಮಾನನ್ನೇ ಹತ್ತಿರದಿಂದ ನೋಡಬಹುದು. ಡರ್ಬಿ ಚಾಲಕರು ಹೆಚ್ಚಾಗಿ ರಿವರ್ಸ್ ಗೇರಿನಲ್ಲಿ ಗುದ್ದುತ್ತಾರೆ. ರೇಡಿಯೇಟರ್ ಮುಂದಿದೆ, ಅದನ್ನು ಕಾಪಾಡಬೇಕು. ಹಾಗಾಗಿ ಕಾರಿನ ಹಿಂಭಾಗವೇ ಗದೆ. ಹಿಂದಿನ ಬಂಪರಿನ ಮೇಲೆ ಬಿದ್ದ ಬಲ ತೊಲೆಯ ಬಾಲದ ಮೂಲಕ ಬಂದು ಕಮಾನನ್ನು ತಲುಪಿದಾಗ ಕಮಾನಿನ ಎರಡು ಕಾಲುಗಳು ಹತ್ತಿರ ಬರುತ್ತವೆ, ನೆತ್ತಿ ಮೇಲಕ್ಕೇಳುತ್ತದೆ. ನೆತ್ತಿಯ ಮೇಲ್ಮೈ ಎಳೆತಕ್ಕೆ, ಒಳಮೈ ಒತ್ತಡಕ್ಕೆ ಸಿಗುತ್ತದೆ. ಗೋಡೆಯ ದಪ್ಪ ಕೆಲವೇ ಮಿಲಿಮೀಟರ್ ಇರುವ ಪೆಟ್ಟಿಗೆ ತೊಲೆಯಲ್ಲಿ ಒಳಮೈ ಮೊದಲು ಸಣ್ಣದಾಗಿ ಸುಕ್ಕುಗಟ್ಟುತ್ತದೆ. ಸುಕ್ಕು ಬಿದ್ದ ಕ್ಷಣದಿಂದ ಪೆಟ್ಟಿಗೆಯ ಆಕಾರ ಕೆಟ್ಟು ಅದರ ಬಲವೂ ಕುಸಿಯುತ್ತದೆ. ಮುಂದಿನ ಗುದ್ದುಗಳೆಲ್ಲ ಅದೇ ಸುಕ್ಕನ್ನು ಹುಡುಕಿ ಬರುತ್ತವೆ. ಇದನ್ನು ತಡೆಯಲು ಕಮಾನಿನ ಪಕ್ಕದ ಗೋಡೆಗಳಿಗೆ, ಅದರ ಬಾಗಿಗೆ ಸರಿಹೊಂದುವಂತೆ ಕತ್ತರಿಸಿದ ಉಕ್ಕಿನ ತಟ್ಟೆಗಳನ್ನು ಬೆಸೆಯುತ್ತಾರೆ. ಎಷ್ಟು ಉದ್ದ, ಎಷ್ಟು ದಪ್ಪ ಎಂಬುದನ್ನು ಆಯಾ ಪಂದ್ಯದ ನಿಯಮ ನಿರ್ಧರಿಸುತ್ತದೆ. ಸಾಮಾನ್ಯ ದರ್ಜೆಯ ಪಂದ್ಯಗಳಲ್ಲಿ ಇದಕ್ಕೆ ಅನುಮತಿಯೇ ಇರುವುದಿಲ್ಲ.

ಅನುಮತಿ ಇಲ್ಲದ ಕಡೆ ಕಟ್ಟುವವರ ಜಾಣ್ಮೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬಲ ಸೇರಿಸಲಾಗದಿದ್ದರೆ ದೌರ್ಬಲ್ಯವನ್ನು ಬೇಕಾದಲ್ಲಿ ಇಡಬಹುದು. ಕಮಾನಿನ ಹಿಂದೆ, ಬಾಲದ ತೊಲೆಯ ಮೇಲ್ಮೈಗೆ ಸುತ್ತಿಗೆಯಿಂದ ಹೊಡೆದು ತಗ್ಗು ಮಾಡುತ್ತಾರೆ, ಇಲ್ಲವೇ ಸಣ್ಣ ಕಚ್ಚು ಕತ್ತರಿಸುತ್ತಾರೆ. ಗುದ್ದು ಬಿದ್ದಾಗ ಒತ್ತಡಕ್ಕೆ ಸಿಕ್ಕ ಮೇಲ್ಮೈ ಆ ತಗ್ಗಿನಲ್ಲೇ ಮಡಚಿ ಬಾಲ ಮೇಲಕ್ಕೆ ಸುರುಳಿಯಾಗುತ್ತದೆ. ಬಾಲ ಮೇಲಕ್ಕೆ ಹೋದರೆ ಚಕ್ರಗಳು ನೆಲದ ಮೇಲೇ ಉಳಿಯುತ್ತವೆ. ಕೆಳಕ್ಕೆ ಹೋದರೆ ತೊಲೆ ಮಣ್ಣಿಗೆ ಊರಿ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಡಿಕ್ಕಿಯ ಮುಚ್ಚಳವನ್ನೂ ಮೊದಲೇ ನಡುವೆ ತುಳಿದು ಹಳ್ಳ ಮಾಡಿರುತ್ತಾರೆ, ತಗಡು ಎಲ್ಲೆಂದರಲ್ಲಿ ಹರಿಯದೆ ಆ ಗೆರೆಯಲ್ಲೇ ಮಡಚಲೆಂದು. ಬಂಪರಿನ ಎತ್ತರವೂ ಇದೇ ಲೆಕ್ಕಕ್ಕೆ ಸೇರಿದ್ದು. ಬಂಪರ್ ತೊಲೆಯ ನಡುಗೆರೆಗಿಂತ ಕೆಳಗಿದ್ದರೆ ಗುದ್ದು ತೊಲೆಯನ್ನು ಒಂದು ದಿಕ್ಕಿಗೆ, ಮೇಲಿದ್ದರೆ ಇನ್ನೊಂದು ದಿಕ್ಕಿಗೆ ಬಾಗಿಸುತ್ತದೆ. ಒಳ್ಳೆಯ ಡರ್ಬಿ ಚಾಸಿ ಎಂದರೆ ಬಾಗದ ಚಾಸಿಯಲ್ಲ. ಎಲ್ಲಿ, ಯಾವ ಕಡೆಗೆ, ಯಾವಾಗ ಬಾಗಬೇಕೆಂದು ಮೊದಲೇ ತೀರ್ಮಾನಿಸಿ ಕಟ್ಟಿದ ಚಾಸಿ. ಈ ಕೆಲಸದ ಸೊಗಸೆಲ್ಲ ಇರುವುದು ಆ ತೀರ್ಮಾನದಲ್ಲಿ.

ವೆಲ್ಡಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೆಯ ಚಾಸಿಗಳು ಕಡಿಮೆ ಇಂಗಾಲದ ಮೆದು ಉಕ್ಕಿನವು. ಮಿಗ್ ವೆಲ್ಡಿಂಗ್‌ಗೆ ಚೆನ್ನಾಗಿ ಒಗ್ಗುತ್ತವೆ. ಎರಡು ಕಾಲುವೆಯಾಕಾರದ ಪಟ್ಟಿಗಳನ್ನು ಸೇರಿಸಿ ಪೆಟ್ಟಿಗೆ ಮಾಡಿದ ತೊಲೆಗಳಲ್ಲಿ ಕಾರ್ಖಾನೆಯವರು ಅಲ್ಲಲ್ಲಿ ಬಿಟ್ಟು ಬಿಟ್ಟು ಬೆಸೆದಿದ್ದರೆ, ಆ ಖಾಲಿ ಜಾಗಗಳನ್ನು ತುಂಬಿ ಉದ್ದಕ್ಕೂ ಒಂದೇ ಬೀಡು ಎಳೆಯುವುದು ಅತ್ಯಂತ ಹಳೆಯ, ಅತ್ಯಂತ ಫಲ ಕೊಡುವ ಉಪಾಯ. ತೊಲೆ ತಿರುಚಿಕೊಳ್ಳುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಆದರೆ ದಪ್ಪ ತಟ್ಟೆ ತಂದು ತೆಳುವಾದ ತೊಲೆಗೆ ಅಡ್ಡಲಾಗಿ ಬೆಸೆದರೆ ತಟ್ಟೆ ಮುಗಿಯುವ ಗೆರೆಯಲ್ಲೇ ಬಿರುಕು ಬೀಳುತ್ತದೆ. ಬಲಿಷ್ಠ ಭಾಗ ಅಲ್ಲಿಗೆ ಥಟ್ಟನೆ ಮುಗಿದು ದುರ್ಬಲ ಭಾಗ ಶುರುವಾಗುತ್ತದೆ, ಬೆಂಕಿ ತಗುಲಿದ ಲೋಹವೂ ಅಲ್ಲೇ ಇರುತ್ತದೆ. ಬಲ್ಲವರು ತಟ್ಟೆಯ ತುದಿಗಳನ್ನು ಓರೆಯಾಗಿ ಕತ್ತರಿಸುತ್ತಾರೆ.

ಮೈ ಮತ್ತು ಚಾಸಿಯನ್ನು ಹಿಡಿದಿಡುವ ಬೋಲ್ಟುಗಳು ಸಣ್ಣವೆಂದು ಕಂಡರೂ ದೊಡ್ಡ ಪಾತ್ರ ವಹಿಸುತ್ತವೆ. ತುಕ್ಕು ಹಿಡಿದ ಹಳೆಯ ಬೋಲ್ಟು ತುಂಡಾದರೆ ಮೈ ಒಂದು ಕಡೆ, ಚಾಸಿ ಇನ್ನೊಂದು ಕಡೆ ಹೋಗುತ್ತದೆ; ಎರಡೂ ಸೇರಿ ತಡೆಯಬೇಕಾದ ಗುದ್ದನ್ನು ಚಾಸಿಯೊಂದೇ ಹೊರಬೇಕಾಗುತ್ತದೆ. ನಿಯಮ ಬಿಟ್ಟಷ್ಟು ದಪ್ಪದ ಹೊಸ ಬೋಲ್ಟು, ಅಗಲ ವಾಷರುಗಳು ಬರುತ್ತವೆ. ರೇಡಿಯೇಟರಿನ ಎರಡೂ ಪಕ್ಕ ಚಾಸಿಯಿಂದ ಬಾನೆಟ್‌ವರೆಗೆ ತಿರುಪು ಮರೆ ಕೊರೆದ ಉದ್ದನೆಯ ಸರಳು ನಿಲ್ಲಿಸಿ ನಟ್ಟು ಬಿಗಿಯುತ್ತಾರೆ.

ರಸ್ತೆಯ ಕಾರಿನ ಸಸ್ಪೆನ್ಷನ್ ಮೆತ್ತಗಿರಬೇಕು, ಡರ್ಬಿ ಕಾರಿನದು ಬಿಗಿಯಾಗಿರಬೇಕು. ಗುದ್ದುವ ಗಳಿಗೆಯಲ್ಲಿ ಸ್ಪ್ರಿಂಗು ಕುಸಿದು ಮೂಗು ತಗ್ಗಿದರೆ ಎದುರಾಳಿಯ ಬಂಪರ್ ಮೇಲೇರಿ ಬರುತ್ತದೆ, ಗುದ್ದು ತೊಲೆಗೆ ಸಿಗದೆ ತಗಡಿಗೆ ಸಿಗುತ್ತದೆ. ಆದ್ದರಿಂದ ಮುಂದಿನ ಕಾಯಿಲ್ ಸ್ಪ್ರಿಂಗುಗಳ ಸುರುಳಿಗಳ ನಡುವೆ ಬೆಣೆಗಳನ್ನು ತೂರಿಸಿ ಎತ್ತರ ನಿಲ್ಲಿಸುತ್ತಾರೆ. ಶಾಕ್ ಅಬ್ಸಾರ್ಬರ್ ತೆಗೆದು ಅದೇ ರಂಧ್ರದಲ್ಲಿ ತಿರುಪು ಮರೆಯ ಸರಳು ಬಿಗಿಯುವುದುಂಟು. ಸಡಿಲ ನಿಯಮದ ಪಂದ್ಯಗಳಲ್ಲಿ ಮುಂದಿನ ಚಕ್ರದ ಮೇಲಿನ ತೋಳನ್ನು (ಎ-ಆರ್ಮ್) ಉಕ್ಕಿನ ಪಟ್ಟಿಯಿಂದ ಚಾಸಿಗೇ ಬೆಸೆದುಬಿಡುತ್ತಾರೆ. ಹಳೆಯ ಕ್ರೈಸ್ಲರ್ ಕಾರುಗಳಲ್ಲಿ ಮುಂದೆ ಕಾಯಿಲ್ ಬದಲು ತಿರುಚಿಕೊಳ್ಳುವ ಸರಳು, ಟಾರ್ಷನ್ ಬಾರ್, ಇರುತ್ತಿದ್ದುದರಿಂದ ಅದರ ಬೋಲ್ಟು ತಿರುಗಿಸಿದರೆ ಸಾಕು, ಮೂಗು ಏಳುತ್ತಿತ್ತು. ಬಿಗಿ ಮಾಡಿದ್ದಕ್ಕೂ ಬೆಲೆಯಿದೆ: ಸ್ಪ್ರಿಂಗು ನುಂಗಬೇಕಿದ್ದ ಹೊಡೆತ ಈಗ ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟಿಗೂ ಅದನ್ನು ತಿರುಗಿಸುವ ಟೈ ರಾಡಿಗೂ ಹೋಗುತ್ತದೆ. ಎಷ್ಟೋ ಕಾರುಗಳು ಚಾಸಿ ನೆಟ್ಟಗಿದ್ದೂ ಬೆರಳು ಗಾತ್ರದ ಟೈ ರಾಡ್ ಬಾಗಿ, ಒಂದು ಚಕ್ರ ಅಡ್ಡ ತಿರುಗಿ ನಿಲ್ಲುತ್ತವೆ. ಟೈ ರಾಡಿಗೆ ಕೋನಪಟ್ಟಿ ಬೆಸೆದು ಅಥವಾ ಕೊಳವೆ ತೊಡಿಸಿ ಬಲ ಕೊಡುವುದು ಅದಕ್ಕೇ. 2003ರಲ್ಲಿ ಪ್ಯಾಂಥರ್ ಚಾಸಿಯ ಮುಂಭಾಗ ಪೂರ್ತಿ ಬದಲಾಗಿ, ನೀರಿನ ಒತ್ತಡದಿಂದ ರೂಪಿಸಿದ ತೊಲೆಗಳೂ ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗೂ ಬಂದವು. ಆ ವರ್ಷದ ನಂತರದ ಕಾರು ತಂದವರಿಗೆ ಹಳೆಯ ಉಪಾಯಗಳಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ.

ಕಾರಿನ ಹಿಂಭಾಗದಲ್ಲಿ ಆಕ್ಸಲ್ಲನ್ನು ಹಿಡಿದಿರುವುದು ಟ್ರೇಲಿಂಗ್ ಆರ್ಮ್ ಎಂಬ ತೆಳು ತೋಳುಗಳು. ತೆರೆದ ಕಾಲುವೆಯಂತಿರುವ ಇವುಗಳ ಬಾಯಿಗೆ ಪಟ್ಟಿ ಬೆಸೆದು ಪೆಟ್ಟಿಗೆ ಮಾಡುತ್ತಾರೆ. ತೋಳು ಮುರಿದರೂ ಆಕ್ಸಲ್ ಕಿತ್ತುಹೋಗದಿರಲು ಅದನ್ನು ಚಾಸಿಗೆ ಸರಪಳಿಯಿಂದ ಸುತ್ತುತ್ತಾರೆ. ಕೆಲವು ದರ್ಜೆಗಳಲ್ಲಿ ಕಾಯಿಲ್ ಬಿಟ್ಟು ಲೀಫ್ ಸ್ಪ್ರಿಂಗ್ ಹಾಕಲು ಬಿಡುತ್ತಾರೆ, ಎಲೆಗಳ ಸಂಖ್ಯೆಗೆ ಮಿತಿ ಹಾಕಿ. ಡಿಫರೆನ್ಷಿಯಲ್ಲಿನ ಒಳಗಿನ ಗೇರುಗಳನ್ನು ಬೆಸೆದು ಎರಡು ಚಕ್ರಗಳೂ ಒಟ್ಟಿಗೇ ತಿರುಗುವಂತೆ ಮಾಡುವುದು ಹೆಚ್ಚಿನ ಕಡೆ ರೂಢಿ. ಒದ್ದೆ ಮಣ್ಣಿನಲ್ಲಿ ಒಂದೇ ಚಕ್ರ ಸುತ್ತುತ್ತ ಕೂತರೆ ಆಟ ಮುಗಿದಂತೆ. ಪ್ಯಾಂಥರ್ ಕಾರಿನ ಆಕ್ಸಲ್ ಶಾಫ್ಟನ್ನು ಒಳತುದಿಯಲ್ಲಿ ಒಂದು ಪುಟ್ಟ ಸಿ-ಕ್ಲಿಪ್ ಹಿಡಿದಿರುತ್ತದೆ. ಶಾಫ್ಟ್ ತುಂಡಾದರೆ ಚಕ್ರವೇ ಹೊರಬರುತ್ತದೆ. ಹೊರತುದಿಯಲ್ಲಿ ಬೋಲ್ಟು ಹಾಕಿ ಹಿಡಿಸುವ ಫೋರ್ಡಿನ ಹಳೆಯ 9 ಇಂಚಿನ ಹೌಸಿಂಗಿಗೆ ಡರ್ಬಿಯವರಲ್ಲಿ ಬೇಡಿಕೆ ಇರುವುದು ಈ ಕಾರಣಕ್ಕೂ ಹೌದು.

ಇಷ್ಟೆಲ್ಲ ಬಲದ ಮಾತಿನ ನಡುವೆ ಒಂದು ಲೆಕ್ಕ ಮರೆಯಬಾರದು. 1,700 ಕಿಲೋ ತೂಕದ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 105 ಕಿಲೋಜೂಲ್. ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಕಣಕ್ಕೆ ನೀರು ಹೊಡೆದು ಕೆಸರು ಮಾಡುವುದು, ಕಣವನ್ನು ಚಿಕ್ಕದಾಗಿಡುವುದು ಅದಕ್ಕಾಗಿಯೇ. ಗಂಟೆಗೆ 40 ಕಿ.ಮೀ. ವೇಗದಿಂದ ಕಾರು ಗಟ್ಟಿ ಗೋಡೆಗೆ ಬಡಿದು ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗುತ್ತ ನಿಂತರೆ ಚಾಲಕನ ಮೈಮೇಲೆ ಗುರುತ್ವದ ಸುಮಾರು 12.5 ಪಟ್ಟು ಬಲ ಬೀಳುತ್ತದೆ. ಚಾಸಿ ಅತಿ ಗಟ್ಟಿಯಾಗಿ ಕಾಲು ಮೀಟರಿನಲ್ಲೇ ನಿಂತರೆ ಅದು 25 ಪಟ್ಟಾಗುತ್ತದೆ. ಕಾರು ಉಳಿಯಿತು ಎಂದು ಹೆಮ್ಮೆಪಡುವ ಹೊತ್ತಿಗೆ ಕುತ್ತಿಗೆ ಉಳುಕಿರುತ್ತದೆ. ಚಾಸಿಯ ಒಳಗೆ ಏನನ್ನೂ ತುಂಬಬಾರದು, ಇಂತಿಷ್ಟಕ್ಕಿಂತ ಹೆಚ್ಚು ತಟ್ಟೆ ಬೆಸೆಯಬಾರದು ಎಂಬ ನಿಯಮಗಳನ್ನು ಹೊಸಬರು ಕಿರಿಕಿರಿ ಎಂದುಕೊಳ್ಳುತ್ತಾರೆ. ನಿಜವಾಗಿ ಅವು ಕಾರಿನ ಬಲಕ್ಕೆ ಹಾಕಿದ ಮಿತಿ ಮಾತ್ರವಲ್ಲ, ಚಾಲಕನಿಗೆ ಕೊಟ್ಟ ರಕ್ಷಣೆ. ಉಕ್ಕನ್ನು ಧಾರಾಳವಾಗಿ ಬಳಸಬೇಕಾದದ್ದು ಚಾಲಕನ ಸುತ್ತ: ಡ್ಯಾಶ್‌ಬೋರ್ಡಿನ ಜಾಗದಲ್ಲಿ ಒಂದು ಅಡ್ಡಸರಳು, ಸೀಟಿನ ಹಿಂದೆ ಇನ್ನೊಂದು, ಎರಡನ್ನೂ ಸೇರಿಸುವ ಬಾಗಿಲ ಸರಳುಗಳು, ತಲೆಯ ಮೇಲೆ ಒಂದು ಕಮಾನು. ಇದರಲ್ಲಿ ಜಿಪುಣತನ ತೋರಿಸುವವರಿಗೆ ಕಾರು ಕಟ್ಟುವ ಹಕ್ಕಿಲ್ಲ.

ಬಫಲೋ ನಗರದ ದಕ್ಷಿಣಕ್ಕೆ ಈರಿ ಸರೋವರದ ದಡ ಹಿಡಿದರೆ ಮೊದಲು ಸಿಗುವುದು ಲಕವಾನಾ. ಇಲ್ಲಿನ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 1983ರಲ್ಲಿ ಉಕ್ಕು ಕರಗಿಸುವುದು ನಿಂತಿತು. 2007ರಿಂದ ಆ ದಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಸ್ವಲ್ಪ ಮುಂದೆ ಹ್ಯಾಂಬರ್ಗ್ ಪಟ್ಟಣದ ಸರಹದ್ದಿನಲ್ಲೇ 1950ರಲ್ಲಿ ಆರಂಭವಾದ ಫೋರ್ಡಿನ ತಗಡು ಒತ್ತುವ ಕಾರ್ಖಾನೆ ಇಂದಿಗೂ ಕೆಲಸ ಮಾಡುತ್ತಿದೆ. ಉಕ್ಕನ್ನೂ ತಗಡನ್ನೂ ದುಡಿದು ಬಲ್ಲ ಊರು ಇದು. ಇಲ್ಲಿನ ಮನೆಗಳ ಗ್ಯಾರೇಜುಗಳಲ್ಲಿ ವೆಲ್ಡಿಂಗ್ ಕೈಗಳಿಗೆ ಬರವಿಲ್ಲದಿರುವುದು ಆಶ್ಚರ್ಯವಲ್ಲ. 1820ರಲ್ಲಿ ಶುರುವಾದ ಈರಿ ಕೌಂಟಿಯ ಜಾತ್ರೆ 1868ರಿಂದ ಹ್ಯಾಂಬರ್ಗ್‌ನಲ್ಲಿ ನಡೆಯುತ್ತ ಬಂದಿದೆ. ದನಕರುಗಳ ಪ್ರದರ್ಶನ, ತೊಟ್ಟಿಲು, ತಿಂಡಿಯ ಸಾಲುಗಳ ಜೊತೆ ಆಗಸ್ಟಿನ ಈ ಜಾತ್ರೆಯ ದೊಡ್ಡ ಆಕರ್ಷಣೆ ಡರ್ಬಿ. ಕುದುರೆಗಾಡಿ ಓಟದ ಪಥದ ಪಕ್ಕದ ಗ್ಯಾಲರಿ ಅಂದು ತುಂಬಿ ತುಳುಕುತ್ತದೆ.

ಗ್ಯಾಲರಿಗೆ ಕಾಣದ ಪಂದ್ಯವೊಂದು ಅದಕ್ಕೂ ಮೊದಲು ಹಿಂಬದಿಯ ಅಂಗಳದಲ್ಲಿ ನಡೆದಿರುತ್ತದೆ. ಟ್ರೈಲರುಗಳಿಂದ ಇಳಿದ ಕಾರುಗಳ ತಪಾಸಣೆ ಅದು. ಡರ್ಬಿಗಳ ತಪಾಸಣೆಗಾರರು ಸಾಮಾನ್ಯವಾಗಿ ತಾವೂ ಒಂದು ಕಾಲಕ್ಕೆ ಕಣಕ್ಕಿಳಿದವರು. ಎಲ್ಲಿ ಏನು ಬಚ್ಚಿಡುತ್ತಾರೆಂಬುದು ಅವರಿಗೆ ಗೊತ್ತು. ಅಳತೆಪಟ್ಟಿಯಿಂದ ಬಂಪರಿನ ಎತ್ತರ, ಬೋಲ್ಟಿನ ದಪ್ಪ ನೋಡುತ್ತಾರೆ. ತೊಲೆಯನ್ನು ಸುತ್ತಿಗೆಯಿಂದ ತಟ್ಟುತ್ತಾರೆ. ಸದ್ದಿನಲ್ಲಿ ಅನುಮಾನ ಬಂದರೆ ಡ್ರಿಲ್ ಹಿಡಿದು ರಂಧ್ರ ಕೊರೆದು ಒಳಗೆ ತೆಳುವಾದ ಕ್ಯಾಮೆರಾ ಇಳಿಸುತ್ತಾರೆ. ಚಾಸಿಗೆ ಹೊಸ ಬಣ್ಣವನ್ನೋ ಡಾಂಬರನ್ನೋ ಬಳಿದು ತಂದ ಕಾರನ್ನು ಅನೇಕ ಕಡೆ ನೋಡುವುದೇ ಇಲ್ಲ, ಬಣ್ಣದಡಿ ಬೀಡು ಅಡಗಿರಬಹುದೆಂದು. ಹೆಚ್ಚುವರಿ ತಟ್ಟೆ ಸಿಕ್ಕರೆ ಎರಡೇ ದಾರಿ: ಅಲ್ಲೇ ಗ್ಯಾಸ್ ಕಟರಿನಿಂದ ಕತ್ತರಿಸಿ ತೆಗೆಯುವುದು, ಇಲ್ಲವೇ ಕಾರನ್ನು ಮತ್ತೆ ಟ್ರೈಲರಿಗೆ ಏರಿಸುವುದು.

ಕಣದಲ್ಲಿ ನಿಯಮ ಕೆಲವೇ. ಚಾಲಕನ ಬಾಗಿಲಿಗೆ ಗುದ್ದುವಂತಿಲ್ಲ. ಇಂತಿಷ್ಟು ಹೊತ್ತಿಗೊಮ್ಮೆ, ಹೆಚ್ಚಿನ ಕಡೆ ಒಂದು ನಿಮಿಷಕ್ಕೊಮ್ಮೆ, ಗುದ್ದಲೇಬೇಕು. ಸೋತೆನೆಂದು ಒಪ್ಪುವವರು ಬಾಗಿಲ ಬಳಿ ಕಟ್ಟಿದ ಕಡ್ಡಿಯನ್ನು ಮುರಿಯುತ್ತಾರೆ. ಮೊದಲ ಕೆಲವು ಗುದ್ದುಗಳಲ್ಲಿ ಡಿಕ್ಕಿಯ ತಗಡು ಮಡಚುತ್ತದೆ, ಬಾಲದ ತೊಲೆ ತಗ್ಗು ಮಾಡಿದ ಕಡೆ ಮೇಲಕ್ಕೇಳತೊಡಗುತ್ತದೆ. ಕಟ್ಟಿದ ಲೆಕ್ಕ ಸರಿಯಿದ್ದರೆ ಮಡಿಕೆ ಆಕ್ಸಲ್ಲಿನ ಹಿಂದೆ ಗಟ್ಟಿ ಉಂಡೆಯಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆ ಉಂಡೆಯೇ ಹೊಸ ಬಂಪರ್, ಕಾರು ಮೊದಲಿಗಿಂತ ಗಡುಸಾಗಿ ಹೊಡೆಯುತ್ತದೆ. ಲೆಕ್ಕ ತಪ್ಪಿದ್ದರೆ ಮಡಿಕೆ ಕಮಾನಿಗೆ ದಾಟಿ, ತಗಡು ಟೈರಿಗೆ ಉಜ್ಜಿ, ರಬ್ಬರಿನ ಹೊಗೆ ಎದ್ದು, ಎಂಜಿನ್ ಅಬ್ಬರಿಸುತ್ತಿದ್ದಂತೆಯೇ ಕಾರು ನಿಂತಲ್ಲೇ ನಿಲ್ಲುತ್ತದೆ.

ಪಂದ್ಯ ಮುಗಿದ ಕಾರಿನಿಂದ ಎಂಜಿನ್, ಚಾಲಕನ ಸುತ್ತಲಿನ ಸರಳುಗಳ ಪಂಜರ, ಟಾಂಕಿ, ಆಕ್ಸಲ್ ಹೌಸಿಂಗ್ ಬಿಚ್ಚಿ ಮುಂದಿನ ಕಾರಿಗೆ ವರ್ಗಾಯಿಸುತ್ತಾರೆ. ಚಾಸಿ ತೀರಾ ಕೆಟ್ಟಿರದಿದ್ದರೆ ಸರಪಳಿ ಹಾಕಿ ಎಳೆದು ನೆಟ್ಟಗೆ ಮಾಡಿ ಇನ್ನೊಮ್ಮೆ ತರುವುದುಂಟು. ಹಾಗೆ ತಂದ ಕಾರುಗಳಿಗೆ ಬಾಗಿದ ಜಾಗದಲ್ಲಿ ಸಣ್ಣ ಚೌಕ ತಟ್ಟೆಗಳನ್ನು ಬೆಸೆಯಲು ಕೆಲವು ನಿಯಮಗಳು ಅವಕಾಶ ಕೊಡುತ್ತವೆ. ಉಳಿದದ್ದು ತೂಕಕ್ಕೆ ಹೋಗುತ್ತದೆ. ಈ ರಾಜ್ಯದ ಆಬರ್ನ್ ಪಟ್ಟಣದಲ್ಲೇ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಕಾಂಕ್ರೀಟಿನ ಕಂಬಿ ಮಾಡುವ ಕಾರ್ಖಾನೆಯಿದೆ.

ಪ್ರತ್ಯೇಕ ಚಾಸಿಯ ದೊಡ್ಡ ಸೆಡಾನುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹಾಗಾಗಿ ಚಿಕ್ಕ ಏಕಕಾಯ ಕಾರುಗಳ ದರ್ಜೆ, ಪಿಕಪ್ ಮತ್ತು ಎಸ್‌ಯುವಿಗಳ ದರ್ಜೆ ಅನೇಕ ಜಾತ್ರೆಗಳಲ್ಲಿ ಬೆಳೆಯುತ್ತಿವೆ. ಪಿಕಪ್ಪಿಗೆ ಹಳೆಯ ಪಾಠಗಳೇ ಸಾಕು. ಚಿಕ್ಕ ಕಾರಿಗೆ ಬಲ ಕೊಡಲು ತೊಲೆಯೇ ಇಲ್ಲ: ಮುಂದಿನ ಸಬ್‌ಫ್ರೇಮ್, ಸ್ಟ್ರಟ್ ಕೂರುವ ಗೋಪುರ, ಬಾಗಿಲ ಕೆಳಗಿನ ಮಡಿಕೆ, ತಗಡಿನ ಜೋಡಣೆಗಳು ಇವೇ ಆಧಾರ. ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂಭಾಗ ಪೂರ್ತಿ ನಜ್ಜುಗುಜ್ಜಾದರೂ ಕಾರು ತೆವಳುತ್ತಿರುತ್ತದೆ. ಇಂಥ ಕಾರಿನಲ್ಲಿ ಕಟ್ಟುವವರು ಮೊದಲು ಕಾಪಾಡುವುದು ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟುಗಳನ್ನು ಮತ್ತು ಅವನ್ನು ಹಿಡಿದಿರುವ ಸ್ಟ್ರಟ್ಟುಗಳನ್ನು.